ಕೈಗಳನ್ನರಸುವ ಕೆಲಸ, ಕೆಲಸವನ್ನರಸುವ ಕೈಗಳು

ಬೆಂಗಳೂರು ಮಹಾನಗರದ ವಾಯವ್ಯಕ್ಕಿರುವ ಪೀಣ್ಯ ಕೈಗಾರಿಕಾ ಪ್ರದೇಶದ ಬೀದಿಗಳಲ್ಲಿ ಒಮ್ಮೆಯಾದರೂ ನಡೆದಾಡಿದವರಿಗೆ ಅಲ್ಲಿನ ಕಾರ್ಖಾನೆಗಳ ಗೇಟುಗಳಿಗೆ ತೂಗುಹಾಕಿದ ಚಿಕ್ಕ ಹಲಗೆಗಳ ಪರಿಚಯ ಇದ್ದೇ ಇರುತ್ತದೆ. ಮೇಲೆ ‘ಬೇಕಾಗಿದ್ದಾರೆ’ ಎಂಬ ಒಂದೇ ಮಾತು. ಅದರ ಕೆಳಗೆ ಟರ್ನರ್, ಫಿಟ್ಟರ್, ವೆಲ್ಡರ್, ಟೈಲರ್, ಹೆಲ್ಪರ್ ಎಂಬ ಪಟ್ಟಿ. ಸಂಬಳವೆಷ್ಟು, ದಿನಕ್ಕೆ ಎಷ್ಟು ತಾಸಿನ ದುಡಿಮೆ, ರಾತ್ರಿ ಪಾಳಿಯುಂಟೋ ಇಲ್ಲವೋ ಎಂಬ ವಿವರಗಳು ಆ ಹಲಗೆಯ ಮೇಲೆ ಕಾಣಸಿಗುವುದು ಅಪೂರ್ವ. ಅದೇ ಬೀದಿಯಲ್ಲಿ ಐ.ಟಿ.ಐ. ಪ್ರಮಾಣಪತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಸುತ್ತಿಟ್ಟುಕೊಂಡ ತರುಣನೊಬ್ಬ ಗೇಟಿನಿಂದ ಗೇಟಿಗೆ ಅಲೆಯುತ್ತಿರುತ್ತಾನೆ. ಕಾವಲುಗಾರನು ತಲೆಯಲ್ಲಾಡಿಸಿದರೆ ಮುಂದಿನ ಗೇಟು. ಅಲ್ಲಿಯೂ ಇಲ್ಲವೆಂದರೆ ಅದರಾಚೆಯದು. ಒಳಗೆ ಕುಳಿತ ಕಾರ್ಖಾನೆಯ ಒಡೆಯನು ‘ಕೆಲಸಕ್ಕೆ ಜನವೇ ಸಿಗುವುದಿಲ್ಲ’ ಎಂದು ಮಿತ್ರರೊಡನೆ ಗೊಣಗುತ್ತಿರುತ್ತಾನೆ. ಹೊರಗಿನವನು ‘ಕೆಲಸವೇ ಸಿಗುವುದಿಲ್ಲ’ ಎಂದು ಊರಿಗೆ ಫೋನು ಮಾಡುತ್ತಿರುತ್ತಾನೆ. ಇಬ್ಬರ ಮಾತೂ ಸತ್ಯ. ಇವರಿಬ್ಬರ ನಡುವೆ ಇರುವುದು ಒಂದು ಗೋಡೆ ಮಾತ್ರ. ಆದರೆ ಆ ಗೋಡೆಯನ್ನು ದಾಟುವ ದಾರಿ ಯಾವುದೆಂಬುದೇ ಈ ನಗರದ ಹಳೆಯ ಪ್ರಶ್ನೆಗಳಲ್ಲಿ ಒಂದು.

ಪೀಣ್ಯ ಬೆಳೆದದ್ದು 1970ರ ದಶಕದಿಂದ ಈಚೆಗೆ. ಅದೇ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆಯ ಆರ್. ಕೆ. ಬಾಳಿಗರ ಕಲ್ಪನೆಯಂತೆ ಹೊಸೂರು ರಸ್ತೆಯ ಪಕ್ಕದಲ್ಲಿ 332 ಎಕರೆ ನೆಲದ ಮೇಲೆ ಎಲೆಕ್ಟ್ರಾನಿಕ್ ಸಿಟಿ ರೂಪುಗೊಂಡಿತು. 1990ರ ದಶಕದಲ್ಲಿ ವೈಟ್‌ಫೀಲ್ಡಿನ ಐ.ಟಿ.ಪಿ.ಎಲ್. ಎದ್ದು ನಿಂತಿತು. ಈ ಮೂರು ದಿಕ್ಕುಗಳಲ್ಲಿಯೂ ನಗರವು ತನ್ನ ಮೈಯನ್ನು ಚಾಚಿದಂತೆಲ್ಲ ಅದಕ್ಕೆ ಎರಡು ಬಗೆಯ ಜನ ಬೇಕಾದರು. ಗಣಕಯಂತ್ರದ ಮುಂದೆ ಕುಳಿತುಕೊಳ್ಳುವವರು ಒಂದು ಬಗೆ. ಅವರ ಕಚೇರಿಯನ್ನು ಗುಡಿಸುವ, ಕಾಯುವ, ಅವರ ಕಾರು ಓಡಿಸುವ, ಮಕ್ಕಳನ್ನು ನೋಡಿಕೊಳ್ಳುವ, ಅನ್ನ ಬೇಯಿಸುವ, ಅವರಿಗಾಗಿ ಗೋಡೆ ಕಟ್ಟುವವರು ಇನ್ನೊಂದು ಬಗೆ. ಮೊದಲನೆಯವರಿಗೆ ಕೆಲಸ ಹುಡುಕಿಕೊಡುವ ಏರ್ಪಾಡು ಬಹು ಬೇಗನೆ ಆಯಿತು. 1997ರಲ್ಲಿ ಸಂಜೀವ್ ಬಿಖ್‌ಚಂದಾನಿ ಎಂಬವರು ‘ನೌಕರಿ’ ಎಂಬ ಜಾಲತಾಣವನ್ನು ತೆರೆದರು. ತಾವು ದುಡಿಯುತ್ತಿದ್ದ ಕಚೇರಿಯಲ್ಲಿ ಸಹೋದ್ಯೋಗಿಗಳು ವ್ಯಾಪಾರ ಪತ್ರಿಕೆಯೊಂದನ್ನು ಹಿಂಬದಿಯಿಂದಲೇ, ಎಂದರೆ ಉದ್ಯೋಗದ ಜಾಹೀರಾತುಗಳಿಂದಲೇ ತೆರೆಯುವುದನ್ನು ಕಂಡು ಅವರಿಗೆ ಆ ಯೋಚನೆ ಹೊಳೆಯಿತಂತೆ. ಇಂಗ್ಲಿಷ್ ಬಲ್ಲ, ಪದವಿಯುಳ್ಳ ಯುವಕನಿಗೆ ಇದರಿಂದ ದೇಶದ ಮೂಲೆಮೂಲೆಯ ಕೆಲಸಗಳೂ ಕೋಣೆಯಲ್ಲಿ ಕುಳಿತಲ್ಲಿಯೇ ಕಾಣತೊಡಗಿದವು. ಆದರೆ ಅದೇ ಕಟ್ಟಡದ ಬಾಗಿಲಲ್ಲಿ ನಿಂತ ಕಾವಲುಗಾರನಿಗೆ ಆ ಕೆಲಸ ಸಿಕ್ಕಿದ್ದು ಹೇಗೆಂದು ವಿಚಾರಿಸಿದರೆ ಉತ್ತರ ಒಂದೇ: ‘ನಮ್ಮೂರಿನವರೊಬ್ಬರು ಹೇಳಿದರು.’

ಈ ‘ನಮ್ಮೂರಿನವರೊಬ್ಬರು’ ಸಾಮಾನ್ಯರಲ್ಲ. ರಾಯಚೂರು, ಯಾದಗಿರಿ, ಕಲಬುರಗಿ, ಕೊಪ್ಪಳದ ಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷ ಜನ ಗುಳೆ ಹೊರಡುತ್ತಾರೆ. ಹೊರಡುವವರಿಗೆ ಬೆಂಗಳೂರೆಂದರೆ ಒಂದು ಊರಲ್ಲ, ಒಬ್ಬ ಮನುಷ್ಯ. ಆ ಊರಿನಿಂದ ಮೊದಲು ಹೋಗಿ ನೆಲೆಯೂರಿದ ಅಣ್ಣನೋ ಮಾವನೋ ಮೇಸ್ತ್ರಿಯೋ ಆದ ಒಬ್ಬ ಮನುಷ್ಯ. ‘ಅಣ್ಣಾ, ನಮ್ಮ ಹುಡುಗ ಒಬ್ಬ ಬರಾಕತ್ತ್ಯಾನ, ಎಲ್ಲ್ಯಾರ ಹಚ್ಚು’ ಎಂಬ ಒಂದು ಮಾತಿನ ಮೇಲೆ ಒಂದು ಸಂಸಾರದ ಭವಿಷ್ಯ ನಿಂತಿರುತ್ತದೆ. ಆ ಅಣ್ಣ ಕಟ್ಟಡದ ಕೆಲಸದಲ್ಲಿದ್ದರೆ ಹುಡುಗನೂ ಕಟ್ಟಡದ ಕೆಲಸಕ್ಕೆ. ಅಣ್ಣ ಹೋಟೆಲಿನಲ್ಲಿದ್ದರೆ ಹುಡುಗನೂ ಹೋಟೆಲಿಗೆ. ಹುಡುಗನ ಕೈಯಲ್ಲಿ ಯಾವ ಕಸುಬಿದೆ, ಮನಸ್ಸಿನಲ್ಲಿ ಏನಿದೆ ಎಂಬುದನ್ನು ಕೇಳುವವರು ಯಾರು? ಮೇಸ್ತ್ರಿಯು ಮುಂಗಡ ಕೊಟ್ಟು ಕರೆದೊಯ್ದಿದ್ದರಂತೂ ಆ ಮುಂಗಡ ತೀರುವ ತನಕ ಬೇರೆಡೆಗೆ ಹೋಗುವ ಮಾತೇ ಇಲ್ಲ. ಈ ಏರ್ಪಾಡನ್ನು ಸುಮ್ಮನೆ ಜರಿದುಬಿಡುವುದೂ ಸರಿಯಲ್ಲ. ಅನ್ನ, ನೆಲೆ, ಆಪತ್ತಿನಲ್ಲಿ ಸಾಲ, ಸತ್ತರೆ ಹೆಣವನ್ನು ಊರಿಗೆ ಮುಟ್ಟಿಸುವ ಹೊಣೆ, ಇವೆಲ್ಲ ಅದರಲ್ಲಿ ಅಡಕವಾಗಿವೆ. ಆದರೆ ಬೆಂಗಳೂರಿನಲ್ಲಿ ಅಣ್ಣನಿಲ್ಲದವನ ಗತಿಯೇನು? ಬಡವನ ಬಂಧುಗಳೂ ಬಡವರೇ ಆಗಿರುವುದರಿಂದ ಅವರ ಬಾಯಿಂದ ಬರುವ ವಾರ್ತೆಯೂ ಬಡಕೆಲಸದ ವಾರ್ತೆಯೇ ಆಗಿರುತ್ತದೆ ಎಂಬುದನ್ನು ಯಾರೂ ಅಲ್ಲಗಳೆಯಲಾರರು.

ಸರಕಾರವು ಈ ವಿಷಯದಲ್ಲಿ ಕೈಕಟ್ಟಿ ಕುಳಿತಿತ್ತೆಂದಲ್ಲ. ಎರಡನೆಯ ಮಹಾಯುದ್ಧದಿಂದ ಮರಳಿದ ಸೈನಿಕರಿಗೆ ಜೀವನೋಪಾಯ ಕಲ್ಪಿಸುವ ಸಲುವಾಗಿ 1945ರಲ್ಲಿ ಉದ್ಯೋಗ ವಿನಿಮಯ ಕೇಂದ್ರಗಳು ಹುಟ್ಟಿಕೊಂಡವು. 1959ರ ಕಾಯಿದೆಯು ಸರಕಾರಿ ಸಂಸ್ಥೆಗಳಿಗೂ 25ಕ್ಕಿಂತ ಕಡಿಮೆಯಿಲ್ಲದ ಜನರುಳ್ಳ ಖಾಸಗಿ ಸಂಸ್ಥೆಗಳಿಗೂ ತಮ್ಮಲ್ಲಿ ತೆರವಾದ ಹುದ್ದೆಗಳನ್ನು ಈ ಕೇಂದ್ರಗಳಿಗೆ ತಿಳಿಸುವ ಕರ್ತವ್ಯವನ್ನು ವಿಧಿಸಿತು. ಒಂದು ಪೀಳಿಗೆಯ ಪದವೀಧರರೆಲ್ಲ ಆ ಕೇಂದ್ರಗಳ ಮುಂದೆ ಸಾಲುಗಟ್ಟಿ ನಿಂತು ಪಡೆದ ನೋಂದಣಿ ಚೀಟಿಯನ್ನು ದೇವರ ಪಟದ ಹಿಂದೆ ಇಟ್ಟು ವರ್ಷಗಟ್ಟಲೆ ಕಾದದ್ದನ್ನು ಹಿರಿಯ ಓದುಗರು ಮರೆತಿರಲಾರರು. ಆ ಕಾಯಿದೆಯನ್ನು ಸಾವಧಾನವಾಗಿ ಓದಿದರೆ ಎರಡು ಸಂಗತಿಗಳು ಕಣ್ಣಿಗೆ ಬೀಳುತ್ತವೆ. ಹುದ್ದೆಯನ್ನು ತಿಳಿಸಬೇಕೇ ಹೊರತು ಕೇಂದ್ರವು ಕಳುಹಿಸಿದವರನ್ನೇ ತೆಗೆದುಕೊಳ್ಳಬೇಕೆಂಬ ಕಟ್ಟುಪಾಡು ಅದರಲ್ಲಿ ಇರಲಿಲ್ಲ. ಎರಡನೆಯದು ಇನ್ನೂ ಸ್ವಾರಸ್ಯಕರ: ಮನೆಗೆಲಸ, ಮೂರು ತಿಂಗಳಿಗಿಂತ ಕಡಿಮೆ ಅವಧಿಯ ಕೆಲಸ, ಕುಶಲತೆ ಬೇಡದ ಕಚೇರಿ ಕೆಲಸ, ಇವುಗಳಿಗೆ ಅದು ಅನ್ವಯಿಸುತ್ತಲೇ ಇರಲಿಲ್ಲ. ಅಂದರೆ, ಯಾರಿಗೆ ಕೆಲಸದ ವಾರ್ತೆ ಎಲ್ಲರಿಗಿಂತ ಹೆಚ್ಚು ಅಗತ್ಯವಾಗಿತ್ತೋ ಅವರೇ ಆ ಬಾಗಿಲಿನ ಹೊರಗೆ ಉಳಿದರು.

ಹೀಗಿರುವಾಗ 2004ರಲ್ಲಿ ಶಾನ್ ಬ್ಲಾಗ್ಸ್‌ವೆಟ್ ಎಂಬ ಅಮೆರಿಕದ ತರುಣರೊಬ್ಬರು ಬೆಂಗಳೂರಿಗೆ ಬಂದರು. ಮೈಕ್ರೋಸಾಫ್ಟ್ ಕಂಪನಿಯು ಇಲ್ಲಿ ತನ್ನ ಸಂಶೋಧನಾಲಯವನ್ನು ತೆರೆಯುವ ಸಿದ್ಧತೆಯಲ್ಲಿತ್ತು. ಆ ಕಾರ್ಯಕ್ಕೆ ನೆರವಾಗಲು ಬಂದವರು ಅವರು. 2005ರ ಆರಂಭದಲ್ಲಿ ಸಂಶೋಧನಾಲಯ ಕಾರ್ಯಾರಂಭ ಮಾಡಿತು. ಅಲ್ಲಿನ ದಿನಗಳಲ್ಲಿ ಅವರ ಕಣ್ಣಿಗೆ ಬಿದ್ದದ್ದು ಅನಿರುದ್ಧ ಕೃಷ್ಣ ಎಂಬ ವಿದ್ವಾಂಸರ ಅಧ್ಯಯನ. ಅನಿರುದ್ಧ ಕೃಷ್ಣ ಅವರು ಮೊದಲು ಭಾರತೀಯ ಆಡಳಿತ ಸೇವೆಯಲ್ಲಿದ್ದು, ಬಳಿಕ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದವರು. ರಾಜಸ್ಥಾನದ 35 ಹಳ್ಳಿಗಳಲ್ಲಿ 6,000ಕ್ಕೂ ಹೆಚ್ಚು ಮನೆಗಳ ಇಪ್ಪತ್ತೈದು ವರ್ಷಗಳ ಏಳುಬೀಳನ್ನು ಅವರು ಗ್ರಾಮಸ್ಥರ ಬಾಯಿಂದಲೇ ಕೇಳಿ ದಾಖಲಿಸಿದ್ದರು. ಅದು 2004ರಲ್ಲಿ ಪ್ರಕಟವಾಗಿತ್ತು. ಬಡತನವೆಂದರೇನು ಎಂಬುದನ್ನು ಸಹ ಅವರು ಪುಸ್ತಕದಿಂದ ಎತ್ತಿಕೊಳ್ಳಲಿಲ್ಲ. ಕೈಗೆ ನಾಲ್ಕು ಕಾಸು ಬಂದಾಗ ಬಡವನು ಮೊದಲು ಏನು ಮಾಡುತ್ತಾನೆ ಎಂದು ಹಳ್ಳಿಯ ಜನರನ್ನೇ ಕೇಳಿದರು. ಹೊಟ್ಟೆಗೆ ಅನ್ನ, ಮಕ್ಕಳಿಗೆ ಶಾಲೆ, ಮನೆಯಿಂದ ಹೊರಗೆ ಹೋಗಲು ಮೈಮೇಲೆ ಬಟ್ಟೆ, ಆಮೇಲೆ ಸಾಲದ ಕಂತು: ಇದೇ ಅನುಕ್ರಮವೆಂದು ಜನ ಹೇಳಿದರು. ಶಾಲೆಯು ಬಟ್ಟೆಗಿಂತ ಮೊದಲು ಬಂದುದನ್ನು ಶಿಕ್ಷಣ ಸಂಸ್ಥೆಯೊಂದರ ಸಂಪುಟವನ್ನು ಓದುವವರು ವಿಶೇಷವಾಗಿ ಗಮನಿಸಬಹುದು.

ಆ ಅಧ್ಯಯನದ ತಿರುಳು ಹೀಗೆ. ಮನೆಗಳು ಬಡತನಕ್ಕೆ ಬೀಳುವುದು ಕಾಯಿಲೆಯಿಂದ, ಬಡ್ಡಿಯ ಸಾಲದಿಂದ, ಸಾವು ಮದುವೆಗಳ ದುಂದಿನಿಂದ. ಏಳುವುದು ಮಾತ್ರ ಬೇರೆಯೇ ಕಾರಣದಿಂದ: ಆದಾಯಕ್ಕೆ ಇನ್ನೊಂದು ದಾರಿ ತೆರೆದುಕೊಂಡಾಗ. ಆ ಇನ್ನೊಂದು ದಾರಿ ಅನೇಕ ಮನೆಗಳಲ್ಲಿ ಪಟ್ಟಣದ ಕೆಲಸವಾಗಿತ್ತು. ಆ ಕೆಲಸಕ್ಕೆ ಕೈಹಿಡಿದು ಕರೆದೊಯ್ದವನು ಮೊದಲೇ ಪಟ್ಟಣ ಸೇರಿದ್ದ ಬಂಧು ಅಥವಾ ಮಿತ್ರನಾಗಿದ್ದನು. ಬ್ಲಾಗ್ಸ್‌ವೆಟ್ ಅವರಿಗೆ ಹೊಳೆದದ್ದು ಇಷ್ಟೇ: ಬಂಧುವಿನ ಈ ಕೈಹಿಡಿತವನ್ನು ಬಂಧುವಿಲ್ಲದವರಿಗೂ ಸಿಗುವಂತೆ ಮಾಡಬಹುದಲ್ಲವೆ? ಕಂಪನಿಗಳ ಅಧಿಕಾರಿಗಳು ಅಂತರ್ಜಾಲದಲ್ಲಿ ಪರಸ್ಪರ ಪರಿಚಯದ ಜಾಲ ಹೆಣೆದುಕೊಂಡು ಹುದ್ದೆಗಳನ್ನು ಹುಡುಕಿಕೊಳ್ಳುವಂತೆ ಅಡುಗೆಯಾಕೆಗೂ ಡ್ರೈವರನಿಗೂ ಅಂಥ ಒಂದು ಜಾಲ ಏಕಿರಬಾರದು? 2007ರಲ್ಲಿ ಅವರು ಕೆಲಸವನ್ನು ಬಿಟ್ಟು, ತಮ್ಮ ಮಲತಂದೆಯವರೂ ಸಹೋದ್ಯೋಗಿಯೊಬ್ಬರೂ ಜೊತೆಗೂಡಲು, ‘ಬಾಬಾಜಾಬ್’ ಎಂಬ ಸಂಸ್ಥೆಯನ್ನು ಬೆಂಗಳೂರಿನಲ್ಲಿ ಆರಂಭಿಸಿದರು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಿ, ಅದೇ ಸಂಶೋಧನಾಲಯದಲ್ಲಿ ನಡೆದ ಇನ್ನೊಂದು ಪ್ರಯತ್ನವನ್ನು ನೋಡಬೇಕು. ಏಕೆಂದರೆ ಮುಂದೆ ಬಂದ ಎಲ್ಲ ತೊಡಕುಗಳ ಬೀಜ ಅದರಲ್ಲಿ ಕಾಣುತ್ತದೆ. ಇಂದ್ರಾಣಿ ಮೇಧಿ ಎಂಬ ಸಂಶೋಧಕಿಯು ಅಕ್ಷರ ಬಾರದವರೂ ಬಳಸಬಹುದಾದ ಗಣಕ ಪರದೆಯನ್ನು ರೂಪಿಸಲು ಹೊರಟರು. ಅದಕ್ಕಾಗಿ ಆರಿಸಿಕೊಂಡ ವಿಷಯ, ಮನೆಗೆಲಸದ ಹೆಂಗಸರು ಕೆಲಸ ಹುಡುಕಿಕೊಳ್ಳುವ ಬಗೆ. ಬೆಂಗಳೂರಿನ ಕೊಳೆಗೇರಿಗಳಲ್ಲಿ ಮನೆಗೆಲಸದವರ ನಡುವೆ ದುಡಿಯುತ್ತಿದ್ದ ಸ್ತ್ರೀ ಜಾಗೃತಿ ಸಮಿತಿಯ ನೆರವು ಅವರಿಗೆ ದೊರೆಯಿತು. 2006ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಒಂದೂ ಅಕ್ಷರವಿಲ್ಲದ ಪರದೆ, ಚಿತ್ರ, ಧ್ವನಿಗಳ ಮೂಲಕ ಕೆಲಸದ ವಿವರ ಹೇಳುವ ಪ್ರಯೋಗವಿತ್ತು. ಅಡುಗೆ ಮನೆಯ ಚಿತ್ರವೊಂದನ್ನು ತೋರಿಸಿದರೆ ಅದು ಅಡುಗೆ ಮನೆಯೆಂಬ ಸ್ಥಳವೆಂದು ಹೆಂಗಸರಿಗೆ ತಿಳಿಯುತ್ತಿತ್ತು. ಅಲ್ಲಿ ಮಾಡಬೇಕಾದ ಕೆಲಸವೆಂದು ತಿಳಿಯುತ್ತಿರಲಿಲ್ಲ. ಪಾತ್ರೆಯಿಂದ ಹಬೆ ಏಳುವಂತೆ, ನಲ್ಲಿಯಿಂದ ನೀರು ಸುರಿಯುವಂತೆ ಬರೆದಾಗ ಮಾತ್ರ ‘ಇದು ಅಡುಗೆ ಮಾಡುವುದು, ಇದು ಪಾತ್ರೆ ತೊಳೆಯುವುದು’ ಎಂದು ಅರ್ಥವಾಯಿತು. ಇಷ್ಟಾದರೂ ತೊಡಕು ಮುಗಿಯಲಿಲ್ಲ. ಮುಟ್ಟಿದರೆ ಯಂತ್ರ ಕೆಟ್ಟೀತೆಂಬ ಭಯ ಒಂದು. ಅದಕ್ಕಿಂತ ಆಳವಾದದ್ದು ಇನ್ನೊಂದು: ಎಲ್ಲೋ ಒಂದು ಮನೆಯಲ್ಲಿ ಕೆಲಸ ಖಾಲಿಯಿರುವ ವಿಷಯ ಈ ಪೆಟ್ಟಿಗೆಯ ಒಳಗೆ ಹೇಗೆ ಬಂತು, ಇದು ತನ್ನಂಥವಳಿಗೆ ಏಕೆ ಹೇಳುತ್ತಿದೆ ಎಂಬ ಅನುಮಾನ. ಆ ಅನುಮಾನವನ್ನು ನೀಗಲು ಸಂಶೋಧಕರು ಒಂದು ಚಿಕ್ಕ ನಾಟಕವನ್ನೇ ಚಿತ್ರೀಕರಿಸಿ ತೋರಿಸಬೇಕಾಯಿತು. ಒಡತಿಯು ತನ್ನ ಮನೆಯ ವಿವರವನ್ನು ಯಂತ್ರಕ್ಕೆ ಕೊಡುವುದು, ಕೆಲಸದವಳು ಅದನ್ನು ಕೇಳಿ ಆ ಮನೆಗೆ ಹೋಗುವುದು, ಎಲ್ಲವನ್ನೂ ಕಥೆಯಾಗಿ ಕಂಡ ಮೇಲೆ ಹೆಂಗಸರ ಕೈ ಯಂತ್ರದ ಕಡೆಗೆ ಚಾಚಿತು. ಆ ಹೆಂಗಸರ ಅನುಮಾನವನ್ನು ಅಜ್ಞಾನವೆಂದು ಕರೆಯುವುದು ತಪ್ಪು. ವಾರ್ತೆಯು ಯಾರ ಬಾಯಿಂದ ಬಂತೆಂದು ತಿಳಿಯದೆ ಅದನ್ನು ನಂಬಬಾರದೆಂಬುದು ನಗರವು ಅವರಿಗೆ ಕಲಿಸಿದ ವಿವೇಕವೇ ಸರಿ.

ಬಾಬಾಜಾಬ್ ಈ ವಿವೇಕವನ್ನು ಗೌರವಿಸಲು ಮಾಡಿದ ಮೊದಲ ಉಪಾಯ ಜಾಣತನದ್ದಾಗಿತ್ತು. ಕೆಲಸ ಬೇಕಾದವರು ತಾವೇ ಗಣಕದ ಮುಂದೆ ಕೂರಬೇಕಾಗಿರಲಿಲ್ಲ. ಸೇವಾಸಂಸ್ಥೆಯ ಕಾರ್ಯಕರ್ತರೋ ಸೈಬರ್ ಅಂಗಡಿಯವರೋ ಪರಿಚಯದ ವಿದ್ಯಾವಂತರೋ ಅವರ ಪರವಾಗಿ ಹೆಸರು, ಕಸುಬು, ಇರುವ ಬಡಾವಣೆ, ಕೇಳುವ ಸಂಬಳ ಮುಂತಾದುವನ್ನು ನಮೂದಿಸಬಹುದಾಗಿತ್ತು. ಒಡೆಯನಿಗೂ ಕೆಲಸಗಾರನಿಗೂ ನಡುವೆ ಯಾರು ಯಾರು ಪರಿಚಯದ ಕೊಂಡಿಗಳಾಗಿದ್ದರೋ ಅವರಿಗೆ, ಕೆಲಸ ಕುದುರಿದಾಗ, ಒಡೆಯನು ಕೊಡುವ ಹಣದಲ್ಲಿ ಒಂದಿಷ್ಟು ಪಾಲು. ಅಂದರೆ, ‘ನಮ್ಮೂರಿನವರೊಬ್ಬರ’ ಹಳೆಯ ಪಾತ್ರವನ್ನೇ ಲೆಕ್ಕದ ಪುಸ್ತಕದೊಳಕ್ಕೆ ತರುವ ಯತ್ನ ಅದು. ಕೆಲಸ ಹುಡುಕುವವನಿಂದ ದುಡ್ಡು ಕೀಳಬಾರದೆಂಬುದು ಅದರ ಒಂದು ಮುಖ್ಯ ನಿಲುವು. ಈ ನಿಲುವಿನ ಬೆಲೆ ತಿಳಿಯಬೇಕಾದರೆ ನಗರದ ಬಸ್ ನಿಲ್ದಾಣಗಳ ಕಂಬಗಳಿಗೆ ಅಂಟಿಸಿದ ‘ಮನೆಯಲ್ಲೇ ಕುಳಿತು ಸಂಪಾದಿಸಿ’ ಎಂಬ ಚೀಟಿಗಳನ್ನು ನಂಬಿ, ನೋಂದಣಿ ಶುಲ್ಕವೆಂದು ಕೈಯಲ್ಲಿದ್ದ ಕಾಸನ್ನೆಲ್ಲ ಕೊಟ್ಟು ಬರಿಗೈಯಲ್ಲಿ ಊರಿಗೆ ಮರಳಿದವರನ್ನು ಕೇಳಬೇಕು.

ಆದರೆ ಪರಿಚಯದ ಸರಪಳಿಯು ಕಾಗದದ ಮೇಲೆ ಕಂಡಷ್ಟು ಸುಲಭವಾಗಿ ನೆಲದ ಮೇಲೆ ನಡೆಯಲಿಲ್ಲ. ಅಂತರ್ಜಾಲವು ಒಡೆಯನ ಮನೆಯಲ್ಲಿತ್ತು. ಕೆಲಸಗಾರನ ಕೈಯಲ್ಲಿ ಇದ್ದದ್ದು ಗುಂಡಿಯೊತ್ತುವ ಅಗ್ಗದ ಫೋನು ಮಾತ್ರ. ಹೀಗಾಗಿ ಸಂಸ್ಥೆಯು ಕ್ರಮೇಣ ಗಣಕದಿಂದ ಫೋನಿನ ಕಡೆಗೆ ಸರಿಯಿತು. ಮಿಸ್ಡ್ ಕಾಲ್ ಕೊಟ್ಟರೆ ಸಾಕು, ಅತ್ತಲಿಂದಲೇ ಕರೆ ಬಂದು ಅವರವರ ಭಾಷೆಯಲ್ಲಿ ವಿವರ ಕೇಳಿಕೊಳ್ಳುವ ಏರ್ಪಾಡಾಯಿತು. ಕೆಲಸದ ವಾರ್ತೆ ಸಂದೇಶವಾಗಿ ಫೋನಿಗೇ ಬರತೊಡಗಿತು. ಒಂದು ರೂಪಾಯಿಯನ್ನೂ ಲೆಕ್ಕವಿಟ್ಟು ಖರ್ಚು ಮಾಡುವ ಜನರ ನಡುವೆ ಈ ಮಿಸ್ಡ್ ಕಾಲ್ ಎಂಬುದು ಆ ವರ್ಷಗಳಲ್ಲಿ ಒಂದು ಭಾಷೆಯೇ ಆಗಿತ್ತು. ‘ಬಸ್ ಸ್ಟಾಂಡಿಗೆ ಬಂದೆ’, ‘ಊಟ ಆಯಿತು’, ‘ಕರೆ ಮಾಡು’ ಎಂಬೆಲ್ಲ ಅರ್ಥಗಳನ್ನು ಅದು ಕಾಸಿಲ್ಲದೆ ಹೊರುತ್ತಿತ್ತು. ‘ಕೆಲಸ ಬೇಕು’ ಎಂಬ ಅರ್ಥವೂ ಅದಕ್ಕೆ ಬಂದಿತು.

ಹುಡುಕುವವರು ಹೆಚ್ಚಿದಂತೆ ಅವರು ನಿಜವಾಗಿ ಹುಡುಕುತ್ತಿರುವುದೇನೆಂಬುದೂ ಸ್ಪಷ್ಟವಾಗುತ್ತ ಹೋಯಿತು. ಮಾರತಹಳ್ಳಿಯ ಹೆಂಗಸಿಗೆ ಮಲ್ಲೇಶ್ವರದಲ್ಲಿ ನೂರು ಮನೆಗೆಲಸಗಳಿದ್ದರೂ ಏನು ಉಪಯೋಗ? ಮಗು ಶಾಲೆಯಿಂದ ಬರುವ ಹೊತ್ತಿಗೆ ಆಕೆ ಮನೆಯಲ್ಲಿರಬೇಕು. ನಡೆದು ಹೋಗುವಷ್ಟು ದೂರದಲ್ಲಿರುವುದಷ್ಟೇ ಅವಳ ಪಾಲಿಗೆ ಕೆಲಸ, ಉಳಿದದ್ದು ಸುದ್ದಿ. ಸಂಬಳದ ವಿಷಯವೂ ಅಂಥದೇ. ಕರ್ನಾಟಕ ಸರಕಾರವು 2004ರಲ್ಲಿಯೇ ಮನೆಗೆಲಸದವರಿಗೆ ಕನಿಷ್ಠ ವೇತನವನ್ನು ಗೊತ್ತುಪಡಿಸಿತ್ತು. ಆದರೆ ಅದನ್ನು ಬಲ್ಲ ಒಡತಿಯರು ವಿರಳ, ಬಲ್ಲ ಕೆಲಸದವರು ಇನ್ನೂ ವಿರಳ. ಪಕ್ಕದ ಬೀದಿಯಲ್ಲಿ ಅದೇ ಕೆಲಸಕ್ಕೆ ಎಷ್ಟು ಕೊಡುತ್ತಾರೆಂಬುದು ತಿಳಿದ ದಿನ ಚೌಕಾಶಿಯ ತಕ್ಕಡಿ ಕೊಂಚ ವಾಲುತ್ತದೆ. ಕೆಲಸದ ವಾರ್ತೆಗಿಂತ ಸಂಬಳದ ವಾರ್ತೆಯೇ ಬಡವನಿಗೆ ಹೆಚ್ಚು ಬಲ ಕೊಡಬಲ್ಲದು. ಎಷ್ಟೋ ಒಡೆಯರು ಹಲಗೆಯ ಮೇಲೆ ಸಂಬಳವನ್ನು ಬರೆಯದಿರುವುದಕ್ಕೆ ಜಾಗದ ಅಭಾವವೇ ಕಾರಣವಾಗಿರಲಾರದು!

ಒಡೆಯನ ಕಡೆಗೂ ಭಯಗಳಿದ್ದವು. ಮನೆಯ ಬೀಗದ ಕೈ, ಮಗು, ವೃದ್ಧ ತಾಯಿ, ಇವರನ್ನು ಅಪರಿಚಿತರ ವಶಕ್ಕೆ ಒಪ್ಪಿಸುವುದು ಹೇಗೆ? ‘ಪರಿಚಯದವರು ಹೇಳಿದವರೇ ಬೇಕು’ ಎಂಬ ಗೃಹಿಣಿಯ ಮಾತು ದಾರ್ಷ್ಟ್ಯದ್ದಲ್ಲ. ಅಚ್ಚರಿಯೆಂದರೆ, ಕೊಳೆಗೇರಿಯ ಹೆಂಗಸು ಯಂತ್ರವನ್ನು ನೋಡಿ ಪಟ್ಟ ಅನುಮಾನವೂ ಅಪಾರ್ಟ್‌ಮೆಂಟಿನ ಗೃಹಿಣಿ ಯಂತ್ರದಿಂದ ಬಂದ ಹೆಂಗಸನ್ನು ನೋಡಿ ಪಟ್ಟ ಅನುಮಾನವೂ ಒಂದೇ. ಇಬ್ಬರೂ ಕೇಳುತ್ತಿದ್ದದ್ದು ‘ನಿನ್ನನ್ನು ಬಲ್ಲವರು ಯಾರು?’ ಎಂದೇ. ಈ ಪ್ರಶ್ನೆಗೆ ಗುರುತಿನ ಚೀಟಿ, ಹಿಂದಿನ ಮನೆಯವರ ಮಾತು, ಪೊಲೀಸ್ ಪರಿಶೀಲನೆ ಎಂದು ನಾನಾ ಬಗೆಯ ಉತ್ತರಗಳನ್ನು ಬಾಬಾಜಾಬಿನಂಥವರೂ ಬಳಿಕ ಬಂದವರೂ ಹುಡುಕುತ್ತ ಬಂದಿದ್ದಾರೆ. ಪೂರ್ತಿ ಉತ್ತರ ಇನ್ನೂ ದೊರೆತಂತಿಲ್ಲ. ಇದರಲ್ಲಿ ಒಂದು ಅಸಮತೆಯನ್ನೂ ಹೇಳದೆ ಬಿಡುವಂತಿಲ್ಲ: ಕೆಲಸದವಳ ನಡತೆಯನ್ನು ಒಡತಿಗೆ ತಿಳಿಸುವ ಏರ್ಪಾಡು ಎಲ್ಲರಿಗೂ ಬೇಕು, ಒಡತಿಯ ನಡತೆಯನ್ನು ಕೆಲಸದವಳಿಗೆ ತಿಳಿಸುವ ಏರ್ಪಾಡನ್ನು ಕೇಳಿದವರು ಕಡಿಮೆ.

ಉದ್ಯಮವೆಂದ ಮೇಲೆ ಅದು ತನ್ನ ಹೊಟ್ಟೆಯನ್ನು ತಾನು ಹೊರೆಯಬೇಕು. ಕೆಲಸಗಾರನಿಂದ ತೆಗೆದುಕೊಳ್ಳುವುದಿಲ್ಲವೆಂದ ಮೇಲೆ ಒಡೆಯನಿಂದಲೇ ಬರಬೇಕು. ವರ್ಷಕ್ಕೊಮ್ಮೆ ಒಬ್ಬ ಅಡುಗೆಯಾಕೆಯನ್ನು ಹುಡುಕುವ ಸಂಸಾರಸ್ಥ ಎಷ್ಟು ಕೊಟ್ಟಾನು? ತಿಂಗಳಿಗೆ ನೂರಾರು ಡ್ರೈವರುಗಳನ್ನೂ ಸಾಮಾನು ತಲುಪಿಸುವ ಹುಡುಗರನ್ನೂ ಬಯಸುವ ದೊಡ್ಡ ಕಂಪನಿಗಳು ಕೊಟ್ಟಾವು. ಈ ಬಗೆಯ ಯಾವುದೇ ಉದ್ಯಮದ ಗಾಳಿ ಹೀಗೆ ಮೆಲ್ಲಗೆ ದೊಡ್ಡವರ ಕಡೆಗೆ ಬೀಸತೊಡಗುವುದು ಸ್ವಾಭಾವಿಕ. ಬಾಬಾಜಾಬಿನಲ್ಲಿ ಹಣ ತೊಡಗಿಸುವವರೂ ಬಂದರು. 2015ರಲ್ಲಿ ಆಸ್ಟ್ರೇಲಿಯದ ಸೀಕ್ ಸಂಸ್ಥೆಯು ಒಂದು ಕೋಟಿ ಡಾಲರುಗಳನ್ನು ಹೂಡಿತು. 2017ರಲ್ಲಿ ಬೆಂಗಳೂರಿನದೇ ಆದ ಕ್ವಿಕರ್ ಕಂಪನಿಯು ಬಾಬಾಜಾಬನ್ನು ಕೊಂಡುಕೊಂಡಿತು. ಹತ್ತು ವರ್ಷಗಳ ಒಂದು ಸಾಹಸ ಅಲ್ಲಿಗೆ ಇನ್ನೊಂದರೊಳಗೆ ಕರಗಿ, ಆ ಹೆಸರು ಕ್ರಮೇಣ ಮರೆಯಾಯಿತು. ಅದನ್ನು ಸೋಲೆಂದು ಬರೆಯುವವರಿದ್ದಾರೆ, ಗೆಲುವೆಂದು ಬರೆಯುವವರೂ ಇದ್ದಾರೆ. ಮಿಸ್ಡ್ ಕಾಲ್ ಕೊಟ್ಟು ಕೆಲಸ ಹಿಡಿದ ಯಾವನೋ ಒಬ್ಬ ಡ್ರೈವರನ ಮಗಳು ಇಂದು ಕಾಲೇಜಿನಲ್ಲಿ ಓದುತ್ತಿದ್ದರೆ ಅವಳ ಲೆಕ್ಕವು ಈ ಎರಡು ಬಗೆಯ ಬರಹಗಳಲ್ಲಿಯೂ ಸಿಗುವುದಿಲ್ಲ.

ಇದೇ ಕಾಲದಲ್ಲಿ ಬೇರೆ ದಾರಿ ಹಿಡಿದವರೂ ಇದ್ದರು. ಬೆಂಗಳೂರಿನ ‘ಮಾಯಾ’ ಎಂಬ ಸ್ವಯಂಸೇವಾ ಸಂಸ್ಥೆಯ ಮಡಿಲಲ್ಲಿ 2006ರ ಸುಮಾರಿಗೆ ಹುಟ್ಟಿದ ಲೇಬರ್‌ನೆಟ್, ಕಟ್ಟಡದ ಕೆಲಸಗಾರರು, ಬಡಗಿಗಳು, ಪ್ಲಂಬರುಗಳು ಮೊದಲಾದವರನ್ನು ನೋಂದಾಯಿಸಿಕೊಂಡು, ಅವರಿಗೆ ಗುರುತಿನ ಚೀಟಿ, ವಿಮೆ, ಕಸುಬಿನ ತರಬೇತಿಗಳನ್ನು ಕೊಡಲು ಹೊರಟಿತು. ಟೀಮ್‌ಲೀಸಿನಂಥ ಕಂಪನಿಗಳು 2002ರಿಂದಲೇ ನೌಕರರನ್ನು ತಮ್ಮ ಹಾಜರಿ ಪುಸ್ತಕದಲ್ಲಿಟ್ಟುಕೊಂಡು ಬೇರೆ ಕಂಪನಿಗಳಿಗೆ ಒದಗಿಸುವ ವ್ಯವಹಾರವನ್ನು ಬೆಳೆಸಿದವು. ಸ್ಮಾರ್ಟ್‌ಫೋನು ಅಗ್ಗವಾದ ಮೇಲೆ, 2019ರಲ್ಲಿ ಆರಂಭವಾದ ‘ಅಪ್ನಾ’ದಂಥ ಆ್ಯಪುಗಳು ಬಂದವು, ಬಾಬಾಜಾಬ್ ಮಿಸ್ಡ್ ಕಾಲಿನಿಂದ ಕಷ್ಟಪಟ್ಟು ಮಾಡಿದ್ದು ಬೆರಳ ತುದಿಗೆ ಬಂದಿತು.

ಹುಡುಕಿಕೊಡುವುದು ಹೀಗೆ ದಿನದಿಂದ ದಿನಕ್ಕೆ ಸುಲಭವಾಗುತ್ತಿದ್ದಾಗ, ಹುಡುಕಿಕೊಂಡ ಮೇಲೆ ಆಗುವುದೇನೆಂಬುದನ್ನು 2020ನೆಯ ವರ್ಷ ಎರಡು ಸಲ ತೋರಿಸಿತು. ಕೋವಿಡ್ ಲಾಕ್‌ಡೌನಿನ ನಡುವೆ ಕೂಲಿಯಿಲ್ಲದೆ ಕಂಗೆಟ್ಟ ಹೊರರಾಜ್ಯದ ಕಾರ್ಮಿಕರು ಊರಿಗೆ ಮರಳಲು ವಿಶೇಷ ರೈಲುಗಳಿಗಾಗಿ ಕಾದಿದ್ದರು. ಮೇ 5ರಂದು ಕಟ್ಟಡ ನಿರ್ಮಾಪಕರೊಡನೆ ಮುಖ್ಯಮಂತ್ರಿಗಳ ಸಭೆ ನಡೆದ ಬಳಿಕ ರಾಜ್ಯ ಸರಕಾರವು ಆ ರೈಲುಗಳು ಬೇಡವೆಂದು ರೈಲ್ವೆಗೆ ತಿಳಿಸಿತು. ದೇಶದೆಲ್ಲೆಡೆಯಿಂದ ಟೀಕೆ ಬಂದ ಮೇಲೆ ಎರಡು ದಿನಗಳಲ್ಲಿ ಆ ನಿರ್ಧಾರವನ್ನು ಹಿಂತೆಗೆದುಕೊಂಡು ರೈಲುಗಳನ್ನು ಮತ್ತೆ ಕೇಳಿತು. ಕೆಲಸಗಾರನಿಗೆ ಕೆಲಸದ ದಾರಿ ಎಷ್ಟು ಮುಖ್ಯವೋ ಊರಿನ ದಾರಿಯೂ ಅಷ್ಟೇ ಮುಖ್ಯವೆಂಬುದನ್ನು ಆ ಎರಡು ದಿನಗಳು ತೋರಿಸಿಕೊಟ್ಟವು.

ಅದೇ ವರ್ಷ ಡಿಸೆಂಬರ್ 12ರಂದು, ಬೆಂಗಳೂರಿನಿಂದ ಕೋಲಾರಕ್ಕೆ ಹೋಗುವ ಹಾದಿಯ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿದ ಕೆಲಸಗಾರರ ಸಿಟ್ಟು ಸಿಡಿಯಿತು; ಗಾಜುಗಳು ಪುಡಿಯಾದವು, ಬೆಂಕಿ ಬಿದ್ದಿತು. ಅಲ್ಲಿ ದುಡಿಯುತ್ತಿದ್ದವರಲ್ಲಿ ಬಹುಪಾಲು ಜನ ಬೇರೆ ಬೇರೆ ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ಕೆಲವರಿಗೆ ವೇತನ ಸರಿಯಾಗಿ, ಸಕಾಲಕ್ಕೆ ಸಂದಿರಲಿಲ್ಲವೆಂದು ಕಂಪನಿಯೇ ಬಳಿಕ ಒಪ್ಪಿಕೊಂಡಿತು. ಆ ಕಾರ್ಖಾನೆಯು 2023ರಲ್ಲಿ ಟಾಟಾ ಸಮೂಹದ ಕೈಸೇರಿತು. ಸ್ವತ್ತನ್ನು ನಾಶಮಾಡಿದ್ದನ್ನು ಯಾರೂ ಸಮರ್ಥಿಸುವುದಿಲ್ಲ. ಆದರೆ ಸಂಬಳದ ಚೀಟಿ ಹಿಡಿದು ‘ಇದರಲ್ಲಿ ಕಡಿಮೆ ಬಂದಿದೆ’ ಎಂದು ಕೇಳಲು ಹೊರಟ ಹುಡುಗ ಯಾರ ಬಾಗಿಲಿಗೆ ಹೋಗಬೇಕಿತ್ತು? ಏಜೆನ್ಸಿಯವನು ಕಾರ್ಖಾನೆಯನ್ನು ತೋರಿಸಿದರೆ, ಕಾರ್ಖಾನೆಯು ಏಜೆನ್ಸಿಯನ್ನು ತೋರಿಸಿದರೆ? ನಡುವಿನವನು ಕೆಲಸವನ್ನೂ ಕೆಲಸಗಾರನನ್ನೂ ಒಂದುಗೂಡಿಸಲು ಬಂದವನು; ಅವನೇ ಇಬ್ಬರ ನಡುವಿನ ಹೊಸ ಗೋಡೆಯಾಗಿ ನಿಂತುಬಿಡುವ ಅಪಾಯ ಈ ವ್ಯವಹಾರದ ಹುಟ್ಟಿನಲ್ಲಿಯೇ ಇದೆ. ಹಳೆಯ ಮೇಸ್ತ್ರಿಯಾದರೂ ಸಂಜೆ ಶೆಡ್ಡಿನ ಮುಂದೆ ಕೈಗೆ ಸಿಗುತ್ತಿದ್ದ. ಆ್ಯಪಿನ ಮೂಲಕ ಕೆಲಸ ಮಾಡುವವನಿಗೆ ಮುಖವೇ ಇಲ್ಲದ ಒಡೆಯ. 2025ರಲ್ಲಿ ಕರ್ನಾಟಕವು ಇಂಥ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ಪ್ರತ್ಯೇಕ ಕಾನೂನು ಮಾಡಿ, ಪ್ರತಿಯೊಂದು ವಹಿವಾಟಿನ ಮೇಲೆ ಕಲ್ಯಾಣ ಶುಲ್ಕ ವಸೂಲಿಗೆ ಅವಕಾಶ ಕಲ್ಪಿಸಿದ್ದು ಈ ದಿಸೆಯಲ್ಲಿ ಗಮನಾರ್ಹವಾದ ಹೆಜ್ಜೆ.

ಕೆಲಸ ಹುಡುಕಿಕೊಡುವ ಉದ್ದೇಶವೇ ಇಲ್ಲದೆ ಮಾಡಿದ ಒಂದು ಏರ್ಪಾಡು ಈ ನಡುವೆ ಹೊರವಲಯದ ಹೆಂಗಸರ ಲೆಕ್ಕಾಚಾರವನ್ನು ಬದಲಿಸಿದೆ. 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಜಾರಿಗೆ ಬಂದು ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತವಾಯಿತು. ನಡೆದು ಹೋಗುವಷ್ಟು ದೂರದ ಕೆಲಸ ಮಾತ್ರವೇ ಕೆಲಸವೆಂದಿದ್ದವಳಿಗೆ ಬಸ್ಸು ಹೋಗುವಷ್ಟು ದೂರವೂ ಹತ್ತಿರವಾಯಿತು. ವೈಟ್‌ಫೀಲ್ಡಿಗೆ 2023ರಲ್ಲಿ, ಎಲೆಕ್ಟ್ರಾನಿಕ್ ಸಿಟಿಗೆ 2025ರ ಆಗಸ್ಟ್ 10ರಂದು ಮೆಟ್ರೋ ಬಂದಿದೆ. ಆದರೆ 2025ರ ಫೆಬ್ರವರಿಯಲ್ಲಿ ಏರಿದ ಅದರ ದರವು ಮನೆಗೆಲಸದವಳ ಸಂಬಳಕ್ಕೆ ಭಾರ. ಆದ್ದರಿಂದ ಮುಂಜಾನೆಯ ಸಾಮಾನ್ಯ ಬಸ್ಸೇ ಅವಳದು. ಕಾಡುಗೋಡಿಯಿಂದ ಹೊರಟ ಅಂಥ ಬಸ್ಸಿನ ಮುಂದಿನ ಆಸನಗಳಲ್ಲಿ ಊಟದ ಡಬ್ಬಿಯ ಚೀಲ ಮಡಿಲಲ್ಲಿಟ್ಟುಕೊಂಡ ಹೆಂಗಸರು ಒತ್ತೊತ್ತಾಗಿ ಕುಳಿತಿರುತ್ತಾರೆ. ಗುಲಾಬಿ ಬಣ್ಣದ ಟಿಕೀಟು ಬೆರಳ ಸಂದಿಯಲ್ಲಿರುತ್ತದೆ. ‘ಅಕ್ಕಾ, ನಮ್ಮ ಮೇಡಂ ಪಕ್ಕದ ಮನೇಲಿ ಅಡುಗೆಗೆ ಕೇಳ್ತಾವ್ರೆ, ಬರ್ತೀಯಾ?’ ಎಂದು ಒಬ್ಬಳು ಕೇಳುತ್ತಾಳೆ. ಇನ್ನೊಬ್ಬಳು ಮನೆ ಎಲ್ಲಿ, ಯಾರ ಮನೆ ಎಂದು ಕೇಳುವುದಕ್ಕೂ ಮೊದಲು, ‘ಎಷ್ಟು ಕೊಡ್ತಾರಂತೆ?’ ಎನ್ನುತ್ತಾಳೆ.